ಮುಕ್ಕಾಲು ಸೆಕೆಂಡು

ಬ್ರೋಕನ್ ಹಿಲ್ಲಿನ ಈ ಕೋಣೆಯಲ್ಲಿ ಬೆಂಚಿಲ್ಲ, ಗಂಟೆಯಿಲ್ಲ.
ಬೆಳಿಗ್ಗೆ ಒಂಬತ್ತಕ್ಕೆ ನಾನು ಬಾಗಿಲು ಹಾಕಿಕೊಂಡರೆ
ಶಾಲೆ ತೆರೆಯಿತು ಎಂದು ಅರ್ಥ.

ಏಳು ಮಕ್ಕಳು, ಆರು ಚೌಕ.
ಒಬ್ಬಳ ಹಿಂದೆ ಉಣ್ಣೆ ಕತ್ತರಿಸುವ ಕೊಟ್ಟಿಗೆ,
ಒಬ್ಬನ ಹಿಂದೆ ಬಾಗಿಲು ಸರಿಯಾಗಿ ಮುಚ್ಚದ ಫ್ರಿಜ್ಜು,
ಅವಳಿ ತಂಗಿಯರಿಗೆ ಸೇರಿ ಒಂದೇ ಚೌಕ,
ಒಬ್ಬಳ ಮೊಣಕೈ ಸದಾ ಇನ್ನೊಬ್ಬಳ ಪಕ್ಕೆಯಲ್ಲಿ.
ಈ ಮನೆಗಳನ್ನು ಸುತ್ತಿ ಒಂದು ಗೆರೆ ಎಳೆದರೆ
ಒಳಗೆ ಧಾರವಾಡ, ಗದಗ, ಹಾವೇರಿ
ಮೂರೂ ಜಿಲ್ಲೆಗಳನ್ನು ಮಡಚದೆ ಹಾಸಬಹುದು.
ಜಾಗ ಇನ್ನೂ ಉಳಿಯುತ್ತದೆ.

ಮೊದಲ ವಾರ ಪಾಠ ಕಲಿತವಳು ನಾನೇ:
ಕೇಳಿದ ಪ್ರಶ್ನೆ ಮೊದಲು ಮೇಲಕ್ಕೆ ಹೋಗುತ್ತದೆ,
ಉಪಗ್ರಹವನ್ನು ಮುಟ್ಟಿ ಯಾವುದೋ ತಗಡಿನ ಸೂರಿಗೆ ಇಳಿಯುತ್ತದೆ,
ಉತ್ತರವೂ ಅದೇ ದಾರಿ ಹಿಡಿದು ಬರಬೇಕು.
ಮುಕ್ಕಾಲು ಸೆಕೆಂಡು.
ಎಣಿಸಿದರೆ ಏನೂ ಇಲ್ಲ. ಕಾದರೆ ಬಹಳ.
ಅಷ್ಟರಲ್ಲಿ ನಾನು "ಗೊತ್ತಾಗಲಿಲ್ವಾ?" ಅಂದುಬಿಡುತ್ತಿದ್ದೆ,
ಆ ಮಾತು ಬರುತ್ತಿದ್ದ ಉತ್ತರದ ತಲೆಯ ಮೇಲೆ ಬಿದ್ದು
ಎರಡೂ ಪುಡಿಪುಡಿ.

ಗದಗಿನಲ್ಲಿ ನನ್ನದು ಅರವತ್ತೆಂಟು ಹುಡುಗರ ಕ್ಲಾಸು.
ಅಲ್ಲಿ ಯಾರಿಗಾದರೂ ಮುಕ್ಕಾಲು ಸೆಕೆಂಡು ಕೊಟ್ಟಿದ್ದೆನೇ?
ನೀ ಹೇಳು, ಮುಂದಿನವ, ಅದರ ಮುಂದಿನವ, ನೀ, ನೀ
ಎನ್ನುತ್ತ ದಾಟಿ ಹೋಗಿದ್ದೇನೆ.
ಹೆಸರುಗಳು ನೆನಪಿಲ್ಲ.
ಅರ್ಧ ತೆರೆದ ಬಾಯಿಗಳು ನೆನಪಿವೆ.

ಫರ್ಗಸ್‌ನ ಚೌಕದಲ್ಲಿ ಫರ್ಗಸ್ ಇರುತ್ತಿರಲಿಲ್ಲ.
ಕ್ಯಾಮೆರಾ ಸೂರಿನತ್ತ. ಅಲ್ಲೊಂದು ಫ್ಯಾನು,
ಜನವರಿಯಲ್ಲಿ ಓಡುವ, ಜೂನಿನ ಚಳಿಗೆ ನಿಂತ ಫ್ಯಾನು,
ಒಂದು ರೆಕ್ಕೆಗೆ ಬ್ಯಾಂಡೇಜಿನಂತೆ ಬಿಳಿ ಟೇಪು.
ಭಿನ್ನರಾಶಿಯನ್ನೆಲ್ಲ ನಾನು ಹೇಳಿಕೊಟ್ಟದ್ದು ಆ ಫ್ಯಾನಿಗೆ.
ಹದಿನೈದು ದಿನಕ್ಕೊಮ್ಮೆ ಅಂಚೆಚೀಲದಲ್ಲಿ ಅವನ ಹಾಳೆಗಳು
ಕೆಂಪು ಧೂಳಿನ ಬೆರಳಚ್ಚು ಹೊತ್ತು ಬರುತ್ತಿದ್ದವು.
ಲೆಕ್ಕ ಎಲ್ಲ ಸರಿ.
ಒಂದರ ಅಂಚಿನಲ್ಲಿ ನಾಯಿಯ ಚಿತ್ರ, ಕಾಲು ಮೂರೇ.
ಅವಸರದಲ್ಲಿ ಮರೆತಿದ್ದಾನೆ ಎಂದು
ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ "ನಾಲ್ಕು" ಎಂದು ಬರೆದು ಕಳಿಸಿದೆ.

ಸೆಪ್ಟೆಂಬರಿನಲ್ಲಿ ಶಾಲೆಯ ಕಾರು ಹತ್ತಿ
ಮನೆಮನೆಗೆ ಹೋಗಿ ಬರುವ ಪದ್ಧತಿ.
ಐದು ತಾಸು. ಹನ್ನೊಂದು ಗೇಟು.
ಇಳಿ, ತೆಗೆ, ದಾಟು, ಮತ್ತೆ ಇಳಿ, ಹಾಕು.
ಕೊನೆಯ ಬೋರ್ಡು ನೈನ್‌ಮೈಲ್ ಟ್ಯಾಂಕ್.
ಈ ಸೀಮೆಯಲ್ಲೂ ಟ್ಯಾಂಕ್ ಅಂದರೆ ಕೆರೆಯೇ,
ನಮ್ಮ ತಾಲೂಕು ಕಚೇರಿಯ ಹಳೆಯ ನಕ್ಷೆಯಲ್ಲಿದ್ದಂತೆ.
ಮೊಣಕಾಲಿನಷ್ಟು ನೀರು. ದಂಡೆಗೆ ಎಮು ಹಕ್ಕಿಯ ಹೆಜ್ಜೆ.

ಅಂಗಳದಲ್ಲಿ ಮೊದಲು ಎದುರಾದದ್ದು ನಾಯಿ.
ಮೂರು ಕಾಲಿನ ನಾಯಿ.
ನನ್ನ ಕೆಂಪು ಶಾಯಿ ನೆನಪಾಗಿ ನೆಲ ನೋಡಿದೆ.

ತಾಯಿ ಐಲ್ಸಾ ಚಹಾಕ್ಕೆ ನೀರಿಟ್ಟಳು.
"ಪಾತ್ರೆ ತೊಳೀತಾ ದಿನಾ ಕೇಳ್ತೀನಿ,
ನನಗೂ ಈಗ ಭಿನ್ನರಾಶಿ ಬರುತ್ತೆ" ಅಂದಳು.
ಹುಡುಗ ತನ್ನ ಶಾಲೆ ತೋರಿಸಿದ:
ಕಳಚಿದ ಹಳೆಯ ಬಾಗಿಲೇ ಮೇಜು, ಒಂದು ಕುರ್ಚಿ,
ಮೇಲೆ ಅದೇ ಫ್ಯಾನು. ಪರಿಚಯದವರಿಗೆ ಮಾಡುವಂತೆ
ತಲೆಯಾಡಿಸಿಬಿಟ್ಟೆ.
ಗೋಡೆಗೆ ನನ್ನದೇ ಮುಖ, ಪ್ರಿಂಟು ತೆಗೆದು ಅಂಟಿಸಿದ್ದು,
ಸಂಪರ್ಕ ಕಡಿದಾಗ ಹೆಪ್ಪುಗಟ್ಟಿದ ಗಳಿಗೆಯದು.
ಒಂದು ಕಣ್ಣು ಮುಚ್ಚಿ, ಬಾಯಿ ಅರ್ಧ ತೆರೆದು
ಏನೋ ಹೇಳಲಿದ್ದವಳು.

ಏನು ಮಾತಾಡುವುದೋ ತಿಳಿಯದೆ ಲೆಕ್ಕ ಕೇಳಿದೆ:
"ಎಂಟರಲ್ಲಿ ಮೂರು. ಅದರ ಅರ್ಧ?"
ನಡುವೆ ಉಪಗ್ರಹವಿಲ್ಲ, ಒಂದು ಬಾಗಿಲಗಲದ ಮೇಜು ಅಷ್ಟೆ.
ಆದರೂ ಅವನು ಕಾದ,
ನನ್ನ ಮಾತು ಮೇಲೆ ಹೋಗಿ ಇಳಿದು ಬರಲಿ ಎನ್ನುವಂತೆ
ಕಣ್ಣನ್ನು ಫ್ಯಾನಿಗೆ ಎತ್ತಿ.
ನಾನೂ ಕಾದೆ.
ಹೊಸ್ತಿಲಲ್ಲಿ ನಾಯಿ ತನ್ನ ಇಲ್ಲದ ಕಾಲಿನಿಂದ
ಕಿವಿ ಕೆರೆದುಕೊಳ್ಳಲು ನೋಡುತ್ತಿತ್ತು.

"ಹದಿನಾರರಲ್ಲಿ ಮೂರು, ಮಿಸ್."
ಆಮೇಲೆ, ಇನ್ನೊಂದು ಮುಕ್ಕಾಲು ಸೆಕೆಂಡು ಬಿಟ್ಟು,
"ನಾಯಿಗೂ ಮೂರೇ."